ಹುಬ್ಬಳ್ಳಿಯಲ್ಲಿ ಹಳೇ ಪಿಕಪ್ ನೋಡ್ತಿದ್ದೀರಾ? ಟೋಕನ್ ಕೊಡೋ ಮೊದಲು ಇದನ್ನು ಓದಿ

ಹುಬ್ಬಳ್ಳಿ ಬೈಪಾಸ್ ಹತ್ತಿರದ ಶೆಡ್ಡುಗಳಲ್ಲಿ ಹಳೇ ಬೊಲೆರೊ ಪಿಕಪ್ ಹುಡುಕುತ್ತಿರುವವರು ದಯವಿಟ್ಟು ಪೂರ್ತಿ ಓದಿ. ಟೋಕನ್ ಅಂತ ಮುಂಗಡ ಕೊಟ್ಟ ನನ್ನ 40,000 ರೂಪಾಯಿ ಅಲ್ಲಿ ಸಿಕ್ಕಿಹಾಕಿಕೊಂಡಿದೆ. ಗಾಡಿಯೂ ಬಂದಿಲ್ಲ, ರೊಕ್ಕವೂ ಬಂದಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ, ಎತ್ತಿದರೆ ಬಾಯಿಗೆ ಬಂದಂತೆ ಮಾತು. ಗೋವಿನಜೋಳ ಮಾರಿ ಬಂದ ರೊಕ್ಕ ಅದು. ಮನೆಯಲ್ಲಿ ಗಾಡಿ ಯಾವಾಗ ಬರುತ್ತೆ ಅಂತ ಕೇಳಿದರೆ ಉತ್ತರ ಕೊಡೋಕೆ ನಾಚಿಕೆ ಆಗುತ್ತದೆ.

ನಾನು ಶಿಗ್ಗಾಂವಿ ಕಡೆಯವನು. ಮೆಣಸಿನಕಾಯಿ ಬ್ಯಾಡಗಿಗೆ, ಉಳ್ಳಾಗಡ್ಡಿ ಅಮರಗೋಳ ಎಪಿಎಂಸಿಗೆ ಹೋಗಬೇಕು. ಸೀಸನ್ನಿನಲ್ಲಿ ಬಾಡಿಗೆ ಗಾಡಿಯವರು ಹೇಳಿದ್ದೇ ರೇಟು. ಹೊಸ ಪಿಕಪ್ಪಿಗೆ ಸುರಿಯುವಷ್ಟು ದುಡ್ಡು ನಮ್ಮ ಹತ್ತಿರ ಇಲ್ಲ. ಅದೂ ಅಲ್ಲದೆ ನನಗೆ ಹಳೇ ಎಂಜಿನ್ನೇ ಬೇಕಿತ್ತು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 (ಹೊಗೆ ಮಿತಿಯ ಹೊಸ ನಿಯಮದ) ಗಾಡಿಗಳಲ್ಲಿ ಸೆನ್ಸರ್ ರಗಳೆ ಜಾಸ್ತಿ, ಲ್ಯಾಪ್‌ಟಾಪ್ ಹಾಕಿ ನೋಡುವವರೇ ಬೇಕು. ಹಳೇ 2523 ಸಿಸಿ ಎಂಜಿನ್ ಆದರೆ ನಮ್ಮೂರ ಮೆಕ್ಯಾನಿಕ್ ಕಣ್ಣುಮುಚ್ಚಿ ಬಿಚ್ಚಿ ಕೂಡಿಸುತ್ತಾನೆ. ಚೆನ್ನಾಗಿ ನೋಡಿಕೊಂಡ ಹಳೇ ಗಾಡಿ ಸಿಕ್ಕರೆ ಇನ್ನೂ ಎಷ್ಟೋ ವರ್ಷ ದುಡಿಯುತ್ತದೆ, ಅಲ್ವಾ?

ವಾಟ್ಸಾಪ್‌ನಲ್ಲಿ ಒಬ್ಬ ಏಜೆಂಟ್ ಫೋಟೋ ಕಳಿಸಿದ. 2013ರ ಮಾಡೆಲ್, ಕೆಎ-25, ಬಿಳಿ ಬಣ್ಣ. "ಒಂದೇ ಕೈ ಗಾಡಿ, ಹಾಲಿನ ಡೇರಿಗೆ ಓಡಿದ್ದು, 98 ಸಾವಿರ ಕಿಲೋಮೀಟರ್." ಬೆಲೆ 3,40,000. ಶೆಡ್ಡಿಗೆ ಹೋದೆ. ಗಾಡಿ ನೋಡಿದರೆ ನಿಜಕ್ಕೂ ಚೆಂದ ಇತ್ತು. ಬಾಡಿಯಲ್ಲಿ ಒಂದು ತಗ್ಗಿಲ್ಲ, ಸೀಟಿಗೆ ಹೊಸ ರೆಕ್ಸಿನ್, ಕೆಳಗೆ ಬಗ್ಗಿ ನೋಡಿದರೆ ಚಾಸಿ (ಗಾಡಿ ಹೊರುವ ಕಬ್ಬಿಣದ ಚೌಕಟ್ಟು) ಕಪ್ಪಗೆ ಫಳಫಳ. ಕೀ ತಿರುವಿದ ಕೂಡಲೇ ಎಂಜಿನ್ ಎದ್ದಿತು. ಬಾನೆಟ್ ಆಗಲೇ ಬೆಚ್ಚಗಿತ್ತು. ಕೇಳಿದ್ದಕ್ಕೆ "ಈಗಷ್ಟ ಡೀಜೆಲ್ ಹಾಕ್ಸಿಕೊಂಡು ಬಂದೇವ್ರಿ" ಎಂದ.

ಆರ್‌ಸಿ ಕೇಳಿದೆ. ಜೆರಾಕ್ಸ್ ಕೊಟ್ಟ. ಒಂದೇ ಬದಿ. "ಒರಿಜಿನಲ್ ಓನರ್ ಮನ್ಯಾಗ ಐತ್ರಿ, ರೊಕ್ಕ ಕೊಡೋ ದಿನ ಕೈಯಾಗ ಇಡ್ತೀನಿ" ಎಂದ. ನಾನು ಮೆಕ್ಯಾನಿಕ್ ಕರೆದುಕೊಂಡು ಬರ್ತೀನಿ, ಆಮೇಲೆ ಮಾತಾಡೋಣ ಅಂತ ಹೊರಟಿದ್ದೆ. ಹೌದು, ಹೊರಟೇ ಬಿಟ್ಟಿದ್ದೆ.

ಆಗಲೇ ಒಬ್ಬ ಬಂದ. ಬಿಳಿ ಅಂಗಿ, ಹೆಗಲ ಮೇಲೆ ಟವೆಲ್. ಕುಂದಗೋಳದ ಪಾರ್ಟಿ ಅಂತ ಪರಿಚಯ ಮಾಡಿಸಿದರು. ಅವನು ಗಾಡಿ ಸುತ್ತ ಒಂದು ಸುತ್ತು ಹಾಕಿದ, ಟೈರಿಗೆ ಒದ್ದ, ನನ್ನ ಮುಖ ನೋಡದೆ ಹೇಳಿದ: "3,20,000ಕ್ಕ ಮುಗಸ್ರಿ. ಸಂಜೀಕ ರೊಕ್ಕ ತರ್ತೀನಿ." ಏಜೆಂಟ್ ನನ್ನನ್ನು ಪಕ್ಕಕ್ಕೆ ಕರೆದ. "ಸರ, ನೀವು ಮೊದಲು ಬಂದೀರಿ. ನಿಮಗ 3,15,000ಕ್ಕ ಕೊಡ್ತೀನಿ. ಖರೆ ಟೋಕನ್ ಈಗ ಹಾಕ್ರಿ. ಇಲ್ಲಂದ್ರ ನನ್ನ ಕೈ ತಪ್ಪತೈತಿ." ಗಾಡಿ ವ್ಯವಹಾರದಲ್ಲಿ ಟೋಕನ್ ಕೊಟ್ಟು ಹಿಡಿದಿಡುವುದು ಎಲ್ಲರೂ ಮಾಡುವುದೇ. 40,000 ಫೋನ್‌ಪೇ ಮಾಡಿದೆ. ಒಂದು ಚೀಟಿ ಬರೆದುಕೊಟ್ಟ.

ಬಾಕಿ ರೊಕ್ಕ ಹೊಂದಿಸಿಕೊಂಡು, ನಮ್ಮ ಮೆಕ್ಯಾನಿಕ್‌ನನ್ನು ಕರೆದುಕೊಂಡು, ಏಜೆಂಟನಿಗೆ ಹೇಳದೆ ಬೆಳಿಗ್ಗೆ ಬೇಗ ಹೋದೆವು. ಎಂಜಿನ್ ತಣ್ಣಗಿತ್ತು. ಸ್ಟಾರ್ಟ್ ಆಗಲೇ ಇಲ್ಲ. ತಿರುವಿ ತಿರುವಿ ಎದ್ದಾಗ ಶೆಡ್ಡು ತುಂಬ ಹೊಗೆ. ಮೆಕ್ಯಾನಿಕ್ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ತಿರುವಿ ಅದರ ಬಾಯಿ ಮೇಲೇ ಇಟ್ಟ. ಮುಚ್ಚಳ ಕುಣಿದು ಕೆಳಗೆ ಬಿತ್ತು. ಒಳಗಿಂದ ಭಸಭಸ ಅಂತ ಗಾಳಿ. ರಿಂಗು ಸವೆದು ಕಂಪ್ರೆಷನ್ ಕೆಳಗೆ ಇಳಿಯುತ್ತಿದೆ, ಎಂಜಿನ್ ಬಿಚ್ಚಲೇಬೇಕು ಎಂದ. 98 ಸಾವಿರ ಓಡಿದ ಎಂಜಿನ್ ಹೀಗಿರಲ್ಲ. ಕ್ಲಚ್, ಬ್ರೇಕ್ ಪೆಡಲ್‌ನ ರಬ್ಬರ್ ಹೊಸದು, ಸ್ಟೇರಿಂಗ್ ಮಾತ್ರ ಕೈ ಹಿಡಿಯುವ ಕಡೆ ಸವೆದು ನುಣ್ಣಗಾಗಿತ್ತು.

ಆಮೇಲೆ ಅವನು ಕೆಳಗೆ ಮಲಗಿದ. ಕ್ಯಾಬಿನ್ ಹಿಂದೆ, ಲೋಡ್ ಬಾಡಿ ಶುರುವಾಗುವ ಕಡೆ, ಚಾಸಿಗೆ ಸ್ಕ್ರೂಡ್ರೈವರ್ ಹಚ್ಚಿ ಎಳೆದ. ಕಪ್ಪು ಬಣ್ಣ ಸಿಪ್ಪೆ ಸಿಪ್ಪೆಯಾಗಿ ಎದ್ದಿತು. ಬಣ್ಣದ ಕೆಳಗೆ ಪುಟ್ಟಿ, ಪುಟ್ಟಿಯ ಕೆಳಗೆ ವೆಲ್ಡಿಂಗ್. ಒಂದು ಗೇಣು ಉದ್ದದ ಕಬ್ಬಿಣದ ಪಟ್ಟಿ ಕೂಡಿಸಿ ಬೆಸೆದಿದ್ದರು. ನನ್ನನ್ನೂ ಕೆಳಗೆ ಕರೆದು, ಬೆರಳು ಹಿಡಿದು ಆ ಗಂಟಿನ ಮೇಲೆ ಓಡಿಸಿದ. ಆ ಕಡೆಯ ಚಾಸಿಗೂ ಹಾಗೇ. ಹಿಂದಿನ ಪಾಟಾದಲ್ಲಿ (ಸ್ಪ್ರಿಂಗ್ ಪಟ್ಟಿಗಳಲ್ಲಿ) ಹೆಚ್ಚಿನ ಪಟ್ಟಿ ಹಾಕಿದ್ದರು. "ಇದು ಹಾಲು ಹೊತ್ತ ಗಾಡಿ ಅಲ್ಲ. ಉಸುಕು, ಕಲ್ಲು ಹೊತ್ತು ಚಾಸಿ ಮುರಿದಿದ್ದು" ಎಂದ. ತುಂಬಿದ ಲೋಡ್ ಹಾಕಿಕೊಂಡು ಹೈವೇಯಲ್ಲಿ ಹೋಗುವಾಗ ಇದು ಬಿಟ್ಟುಕೊಂಡಿದ್ದರೆ? ನನ್ನ ಮಗನೇ ಓಡಿಸುವವನಿದ್ದ.

ಕೆಳಗಿಂದ ಎದ್ದು ನಿಂತಾಗ ನೋಡಿದೆ. ಶೆಡ್ಡಿನ ಮೂಲೆಯಲ್ಲಿ ಒಬ್ಬ ಕೈಯಲ್ಲಿ ಸ್ಪ್ರೇ ಗನ್ ಹಿಡಿದು ಇನ್ನೊಂದು ಪಿಕಪ್‌ನ ಚಾಸಿಗೆ ಕಪ್ಪು ಬಣ್ಣ ಹೊಡೆಯುತ್ತಿದ್ದ. ಕುಂದಗೋಳದ ಪಾರ್ಟಿ! ಅದೇ ಮನುಷ್ಯ. ಬಿಳಿ ಅಂಗಿ ಇರಲಿಲ್ಲ, ಬನಿಯನ್ ಮೇಲಿದ್ದ, ಮೊಣಕೈವರೆಗೆ ಬಣ್ಣ. ನನ್ನನ್ನು ನೋಡಿ ಗನ್ ಕೆಳಗಿಟ್ಟು ಗಾಡಿಯ ಹಿಂದೆ ಸರಿದ. ನನಗೆ ರೊಕ್ಕಕ್ಕಿಂತ ಇದೇ ಜಾಸ್ತಿ ಚುಚ್ಚುತ್ತಿದೆ. ನನ್ನ ಎದುರಿಗೇ ಇಬ್ಬರೂ ನಾಟಕ ಆಡಿದರು. ಟೈರಿಗೆ ಒದ್ದದ್ದು, ಮುಖ ನೋಡದೆ ರೇಟು ಹೇಳಿದ್ದು, ಎಲ್ಲ ನಾಟಕ. ರಾತ್ರಿ ಮಲಗಿದರೂ ಅದೇ ಕಣ್ಣ ಮುಂದೆ ಬರುತ್ತದೆ.

ಅಲ್ಲೇ ನಿಂತು ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದೆವು. ಫೈನಾನ್ಸ್ ಇನ್ನೂ ಇದೆ ಅಂತ ತೋರಿಸಿತು. ಎಫ್‌ಸಿ, ಅಂದರೆ ಗಾಡಿ ರಸ್ತೆಗೆ ಯೋಗ್ಯ ಅನ್ನುವ ಸರ್ಟಿಫಿಕೇಟ್, ಮುಗಿದಿತ್ತು. ಎಂಟು ವರ್ಷ ದಾಟಿದ ಹಳದಿ ಬೋರ್ಡ್ ಗಾಡಿಗೆ ವರ್ಷಾ ವರ್ಷಾ ಎಫ್‌ಸಿ ಆಗಬೇಕು. ಆಗ ಗೊತ್ತಾಯಿತು ನನಗೆ ಒಂದೇ ಬದಿಯ ಜೆರಾಕ್ಸ್ ಯಾಕೆ ಕೊಟ್ಟಿದ್ದ ಅಂತ.

ಏಜೆಂಟ್ ಬಂದ. ಇನ್ನು ಅವನ ಮಾತು ಕೇಳಿ. ವೆಲ್ಡಿಂಗ್ ತೋರಿಸಿದರೆ: "ಹಳೇ ಗಾಡಿ ಅಂದಮ್ಯಾಲ ಒಂದೆರಡು ವೆಲ್ಡಿಂಗ್ ಇರಾವ್ರಿ. ನೀವೇನು ಶೋರೂಮಿಗೆ ಬಂದೀರೇನು?" ಸಾಲದ ಬಗ್ಗೆ ಕೇಳಿದರೆ: "ನೀವು ಬಾಕಿ ಕೊಡ್ರಿ, ಅದರಾಗ ಲೋನ್ ತುಂಬತೀವಿ." ಅಂದರೆ ನನ್ನ ರೊಕ್ಕದಲ್ಲಿ ಯಾರದೋ ಸಾಲ ತೀರಿಸುವುದು! ಟೋಕನ್ ವಾಪಸ್ ಕೊಡಿ ಅಂದರೆ: "ಅದು ಓನರ್‌ಗ ಹೋಗೇತಿ." ಓನರ್ ನಂಬರ್ ಕೊಡಿ ಅಂದರೆ: "ಅವ್ರು ಊರಾಗ ಇಲ್ಲ." ಕುಂದಗೋಳದ ಪಾರ್ಟಿ ಇಲ್ಲಿ ಬಣ್ಣ ಯಾಕೆ ಹೊಡೀತಿದ್ದಾನೆ ಅಂತ ಕೇಳಿದೆ. ಅದಕ್ಕೆ ಉತ್ತರವೇ ಇಲ್ಲ. ಚೀಟಿ ತೆಗೆಸಿ ಕೆಳಗಿನ ಸಾಲು ತೋರಿಸಿದ: "ವಾಹನವನ್ನು ನೋಡಿ ಒಪ್ಪಿರುತ್ತೇನೆ, ಮುಂಗಡ ವಾಪಸ್ ಇಲ್ಲ." ಕೊನೆಗೆ ನಗುತ್ತಾ "ನೀವ ನೋಡಿ ತಗೊಂಡೀರಲ್ರೀ ಸರ" ಎಂದ. ಆ ನಗುವನ್ನು ನಾನು ಮರೆಯುವುದಿಲ್ಲ. ಮುರಿದ ಚಾಸಿಗೆ ಬಣ್ಣ ಬಳಿದು ಮುಚ್ಚಿಟ್ಟು, ನೋಡಿ ಒಪ್ಪಿದ್ದೀಯ ಅಂತ ನನಗೇ ಹೇಳುತ್ತಾನೆ!

ಪೊಲೀಸ್ ಠಾಣೆಗೆ ದೂರು ಬರೆದುಕೊಟ್ಟಿದ್ದೇನೆ. ಗ್ರಾಹಕರ ಆಯೋಗಕ್ಕೆ ಹೋಗ್ತೀನಿ ಅಂದಿದ್ದಕ್ಕೆ "ಇದು ಬಾಡಿಗಿ ಗಾಡಿ, ನಿಮಗ ಅಲ್ಲಿ ಕೇಸ್ ಬರಂಗಿಲ್ಲ" ಅಂತ ವಾಟ್ಸಾಪ್ ಮಾಡಿ ಬ್ಲಾಕ್ ಮಾಡಿದ. ಅದು ಸುಳ್ಳು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಗಾಡಿ ತಗೊಂಡವನೂ ಗ್ರಾಹಕನೇ, 2019ರ ಕಾಯ್ದೆಯಲ್ಲೇ ಹಾಗಿದೆ. ಗ್ರಾಹಕರ ಸಹಾಯವಾಣಿ 1915. ಇಂಥವರು ಕಾನೂನು ಗೊತ್ತಿರುವವರ ಹಾಗೆ ಮಾತಾಡಿದರೆ ಹೆದರಬೇಡಿ.

ನೀವು ಹೋಗುವುದಾದರೆ ಟೋಕನ್‌ಗೂ ಮೊದಲು ಮೆಕ್ಯಾನಿಕ್ ಕರೆದುಕೊಂಡು ಹೋಗಿ. ಹೇಳದೆ ಹೋಗಿ, ಎಂಜಿನ್ ತಣ್ಣಗಿರುವಾಗ ಹೋಗಿ. ಚಾಸಿ ಹೊಸದಾಗಿ ಕಪ್ಪಗಿದ್ದರೆ ಕೆರೆದು ನೋಡಿ, ಕೆರೆಯೋಕೆ ಬಿಡದಿದ್ದರೆ ಅಲ್ಲಿಂದ ಎದ್ದು ಬನ್ನಿ. ನಂಬರ್ ಹಾಕಿ ಫೈನಾನ್ಸ್, ಎಫ್‌ಸಿ, ಇನ್ಶೂರೆನ್ಸ್ ನೀವೇ ನೋಡಿ. ಸಾಲ ಇದ್ದರೆ, ಸಾಲ ತೀರಿದೆ ಅನ್ನುವ ಬ್ಯಾಂಕಿನ ಎನ್‌ಒಸಿ ಮತ್ತು ಆರ್‌ಸಿಯಿಂದ ಸಾಲ ತೆಗೆಸುವ ಫಾರಂ 35 ಕಣ್ಣಿಗೆ ಕಾಣುವವರೆಗೆ ಒಂದು ರೂಪಾಯಿ ಬಿಚ್ಚಬೇಡಿ. ಆರ್‌ಸಿಯಲ್ಲಿ ಹೆಸರಿರುವವನ ಖಾತೆಗೆ ಮಾತ್ರ ರೊಕ್ಕ ಹಾಕಿ. ನನ್ನ 40,000 ಯಾರ ಖಾತೆಗೆ ಹೋಯಿತೋ, ಆ ಹೆಸರು ಆರ್‌ಸಿಯಲ್ಲಿ ಎಲ್ಲೂ ಇಲ್ಲ. ಇನ್ನೊಬ್ಬ ಗಿರಾಕಿ ಬಂದು ರೇಟು ಏರಿಸಿದರೆ ಅವನಿಗೇ ಕೊಟ್ಟು ಬಿಡಿ ಅಂತ ಹೇಳಿ. ಕೊಡ್ತಾರೇನೋ ನೋಡೋಣ.

ನಿನ್ನೆ ನಮ್ಮ ಸಂಬಂಧಿಕರೊಬ್ಬರು ಫೋಟೋ ಕಳಿಸಿದ್ದರು, ಗದಗದಲ್ಲಿ ಅವರಿಗೆ ಯಾರೋ ಕಳಿಸಿದ್ದಂತೆ. ಅದೇ ಗಾಡಿ. ಬಿಳಿ ಬೊಲೆರೊ, 2013, ಕೆಎ-25, ಹಸಿರು ರೆಕ್ಸಿನ್ ಸೀಟು, ಎಡಗಡೆ ಕನ್ನಡಿಯ ಮೂಲೆ ಒಡೆದಿದೆ. ಬೆಲೆ ಈಗ 3,30,000 ಹೇಳುತ್ತಿದ್ದಾರೆ, "ಒಂದೇ ಕೈ, ತರಕಾರಿಗೆ ಓಡಿದ್ದು" ಅಂತೆ. ನಿಮಗೂ ಈ ಫೋಟೋ ಬಂದರೆ ಹೋಗಬೇಡಿ, ಕಳಿಸಿದವರಿಗೂ ತಿಳಿಸಿ. ಇದೇ ಶೆಡ್ಡಿನಲ್ಲಿ ಟೋಕನ್ ಕಳೆದುಕೊಂಡವರು ಬೇರೆ ಯಾರಾದರೂ ಇದ್ದರೆ ನನ್ನನ್ನು ಸಂಪರ್ಕಿಸಿ, ಒಟ್ಟಿಗೆ ದೂರು ಕೊಡೋಣ.