ಡಿಸ್ನಿ ವರ್ಲ್ಡ್‌ನ ಮೋನೊರೈಲು: ಚಾಲಕರ ಪಕ್ಕದ ಸೀಟು ಈಗಿಲ್ಲ

ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ನಾನು ಮೊದಲ ಸಲ ಹೋದದ್ದು 2007ರಲ್ಲಿ. ಅಂದು ಪ್ಲಾಟ್‌ಫಾರ್ಮಿನ ಸಿಬ್ಬಂದಿಯನ್ನು ಕೇಳಿಕೊಂಡದ್ದಕ್ಕೆ ಮೋನೊರೈಲಿನ ಚಾಲಕರ ಕೋಣೆಯಲ್ಲೇ ನಮ್ಮನ್ನು ಕೂರಿಸಿದ್ದರು. ಮೂತಿಯಂತೆ ಚಾಚಿಕೊಂಡ ಆ ಗಾಜಿನ ಕೋಣೆಯಿಂದ ರೈಲು ಓಡುವ ಕಾಂಕ್ರೀಟಿನ ಒಂಟಿ ತೊಲೆಯು ನಮ್ಮ ಕಾಲಡಿಗೆ ಓಡಿಬರುವುದನ್ನು ಕಂಡು, ಇಳಿಯುವಾಗ ಸಹಚಾಲಕರೆಂಬ ಚೀಟಿಯನ್ನೂ ಪಡೆದಿದ್ದೆವು. ಈ ಬಾರಿ ಮಗಳನ್ನು ಕರೆದುಕೊಂಡು ಹೋದಾಗ ಆ ಸೀಟು ಸಿಗಲಿಲ್ಲ. ಪ್ರಯಾಣಿಕರನ್ನು ಅಲ್ಲಿ ಕೂರಿಸುವುದನ್ನು ನಿಲ್ಲಿಸಿ ಬಹಳ ವರ್ಷಗಳಾಗಿವೆ.

ಅದಕ್ಕೆ ಕಾರಣ ಒಂದು ಅಪಘಾತ. 2009ರ ಜುಲೈ 5ರ ನಸುಕಿನಲ್ಲಿ ಗುಲಾಬಿ ರೈಲೊಂದು ಎಪ್ಕಾಟ್ ಎಂಬ ಉದ್ಯಾನದ ಮಾರ್ಗದಿಂದ ಪಕ್ಕದ ಮಾರ್ಗಕ್ಕೆ ದಾಟಲೆಂದು ಹಿಮ್ಮುಖವಾಗಿ ಹೊರಟಿತು. ಅದನ್ನು ದಾಟಿಸಬೇಕಿದ್ದ ತೊಲೆಯನ್ನು ಸರಿಸಿರಲೇ ಇಲ್ಲ. ಹಾಗಾಗಿ ಅದು ಬಂದ ದಾರಿಯಲ್ಲೇ ಹಿಂದಕ್ಕೆ ಸಾಗಿ, ನಿಲ್ದಾಣದಲ್ಲಿದ್ದ ನೇರಳೆ ರೈಲಿನ ಮೂತಿಗೆ ಅಪ್ಪಳಿಸಿತು. ನೇರಳೆ ರೈಲಿನ 21 ವರ್ಷದ ಚಾಲಕ ಪ್ರಾಣ ಕಳೆದುಕೊಂಡ. ತೊಲೆಯ ಸ್ಥಾನವನ್ನು ಯಾರೂ ಖಚಿತಪಡಿಸಿಕೊಳ್ಳದೆ ಹಿಮ್ಮುಖ ಚಾಲನೆಗೆ ಅನುಮತಿ ಕೊಟ್ಟದ್ದನ್ನೂ, ಅದಕ್ಕೆ ಸರಿಯಾದ ಲಿಖಿತ ಕ್ರಮ ಇಲ್ಲದಿದ್ದುದನ್ನೂ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಎತ್ತಿ ತೋರಿಸಿತು. ಅಪಘಾತದ ಮೂಲ ಅಲ್ಲಿತ್ತೇ ಹೊರತು ಪ್ರಯಾಣಿಕರ ಸೀಟಿನಲ್ಲಿರಲಿಲ್ಲ. ಆದರೂ ಡಿಕ್ಕಿಯ ಪೆಟ್ಟು ಮೊದಲು ಬೀಳುವ ಜಾಗದಲ್ಲಿ ಮಕ್ಕಳನ್ನು ಕೂರಿಸಬಾರದೆಂಬ ತೀರ್ಮಾನವನ್ನು ನಾನು ಮನಸಾರೆ ಒಪ್ಪುತ್ತೇನೆ. ಆ ಕೋಣೆಯಲ್ಲಿ ನಾವೂ ಕುಳಿತಿದ್ದೆವು ಎಂಬ ನೆನಪು ಈಗಲೂ ನನ್ನನ್ನು ಕಾಡುತ್ತದೆ.

ಇನ್ನು ಸೇವೆಯ ಮಾತು. 1971ರಿಂದ ಓಡುತ್ತಿರುವ ಈ ರೈಲಿಗೆ ಟಿಕೆಟ್ ಬೇಡ. ಪಾರ್ಕಿಂಗ್ ಕಡೆಯ ನಿಲ್ದಾಣದಿಂದ ಮತ್ತೊಂದು ಉದ್ಯಾನವಾದ ಮ್ಯಾಜಿಕ್ ಕಿಂಗ್‌ಡಮ್‌ಗೆ ನೇರ ರೈಲಿದೆ. ಎಪ್ಕಾಟ್‌ಗೆ ಹೋಗುವವರು ಅದೇ ನಿಲ್ದಾಣದಲ್ಲಿ ಬೇರೆ ರೈಲು ಹತ್ತಬೇಕು. ಮಗುವಿನ ತಳ್ಳುಗಾಡಿಯನ್ನು ಮಡಚದೆಯೇ ಒಳಗೆ ಒಯ್ಯಬಹುದು. ಬಾಗಿಲುಗಳಿಂದ ದೂರವಿರಿ ಎಂದು ಇಂಗ್ಲಿಷಿನಲ್ಲೂ ಸ್ಪ್ಯಾನಿಷಿನಲ್ಲೂ ಮೊಳಗುವ ಸೂಚನೆಯನ್ನು ಮಗಳು ಎರಡೇ ದಿನದಲ್ಲಿ ಬಾಯಿಪಾಠ ಮಾಡಿಕೊಂಡಳು. ಕಾಂಟೆಂಪೊರರಿ ಹೋಟೆಲಿನ ಒಳಗಿನಿಂದಲೇ ರೈಲು ಹಾದುಹೋಗುವಾಗ ಪಕ್ಕದ ಕಿಟಕಿಯೇ ಸಾಕು, ಮುಂದಿನ ಗಾಜು ಬೇಕೆನಿಸುವುದಿಲ್ಲ.

ರಾತ್ರಿ ಬಾಣಬಿರುಸಿನ ಪ್ರದರ್ಶನ ಮುಗಿದ ಮೇಲೆ ಮಾತ್ರ ಸರದಿ ಬಹಳ ಉದ್ದವಾಗುತ್ತದೆ. ಆಗ ಪಾರ್ಕಿಂಗಿಗೆ ಮರಳುವವರು, ವಿಶೇಷವಾಗಿ ಹಿರಿಯರನ್ನು ಕರೆತಂದವರು, ಅದೇ ನಿಲ್ದಾಣಕ್ಕೆ ಕೆರೆ ದಾಟಿ ಹೋಗುವ ದೊಡ್ಡ ದೋಣಿಯನ್ನು ಹಿಡಿಯುವುದು ಮೇಲು.