ಪೆಲೆಟ್‌ಗೆ ಯಾವ ಪೌಡರ್? ಗ್ರಾಫೈಟ್, ಟಾಲ್ಕಂ, ಕೇರಂ, ಮೋಲಿ

ಏರ್ ರೈಫಲ್‌ನ ಸೀಸದ ಗುಂಡು ಸಲೀಸಾಗಿ ಜಾರಲಿ ಅಂತ ಅದರ ಮೈಗೆ ಹಚ್ಚುವ ಒಣ ಪುಡಿಗಳ ಮಾತು ಇದು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗ್ರಾಫೈಟ್‌ಗೆ. ಉಳಿದ ಮೂರನ್ನು ಯಾಕೆ ಬಿಟ್ಟೆ ಅನ್ನೋ ಕುತೂಹಲ ಇದ್ದರೆ ಮುಂದೆ ಓದಿ.

ಈ ಪೌಡರ್ ಹುಚ್ಚು ಹತ್ತಿದ್ದು ಒಂದು ಆಫರ್‌ನಿಂದ. ಏರ್ ರೈಫಲ್‌ಗೆ ಹಾಕುವ 0.177 ಇಂಚು ಅಳತೆಯ ಸೀಸದ ಪೆಲೆಟ್ ಮೈಸೂರಿನ ಒಂದು ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಕ್ಕಿತು. ಲೋಕಲ್ ಮಾಲು. ಬ್ಯಾಗ್ ತುಂಬಾ ಡಬ್ಬಿ ತಂದೆ. ಮಂಡ್ಯಕ್ಕೆ ಬಂದು ಮುಚ್ಚಳ ತೆಗೆದರೆ ಅರ್ಧಕ್ಕರ್ಧ ಡಬ್ಬಿಗಳಲ್ಲಿ ಪೆಲೆಟ್ ಮೈಮೇಲೆಲ್ಲ ಬಿಳಿ ಹುಡಿ. ಸೀಸಕ್ಕೆ ಗಾಳಿ, ತೇವ ತಗುಲಿದರೆ ಹೀಗಾಗುತ್ತದೆ. ಹಿಂದೆ ಪೇಂಟ್‌ಗೆ ಹಾಕುತ್ತಿದ್ದ ಬಿಳಿ ಸೀಸವೂ ಇದೇ ಜಾತಿಯದು. ವಿಷ ಅದು. ಫೋನ್ ಮಾಡಿ ಕೇಳಿದರೆ ಅಂಗಡಿಯವರು "ಹೊಡೆದ್ರೆ ಹೋಗುತ್ತೆ ಬಿಡಿ ಸಾರ್" ಅಂದರು. ವಾಪಸ್ ತಗೊಳ್ಳುವ ಮಾತೇ ಇಲ್ಲ.

ಹೊಡೆದರೆ ಹೋಗಲಿಲ್ಲ. 10 ಮೀಟರ್‌ನಲ್ಲಿ, ಮರಳು ಮೂಟೆ ಮೇಲೆ ರೈಫಲ್ ಇಟ್ಟು ಹೊಡೆದರೂ ಐದು ಗುಂಡು ಒಂದು ರೂಪಾಯಿ ನಾಣ್ಯದೊಳಗೆ ಕೂರುತ್ತಿರಲಿಲ್ಲ. ಒಂದು ಪೆಲೆಟ್ ಸಲೀಸಾಗಿ ಒಳಗೆ ಹೋದರೆ ಇನ್ನೊಂದನ್ನು ಹೆಬ್ಬೆರಳು ನೋಯುವಷ್ಟು ಒತ್ತಬೇಕು. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಕೈಗೆ ಗ್ಲೌಸ್ ಹಾಕಿಕೊಂಡು ತೊಳೆದು ಒಣಗಿಸಿದೆ. ಮಿಂಚತೊಡಗಿದವು. ಗ್ರೂಪ್, ಅಂದರೆ ಪೇಪರ್ ಮೇಲೆ ಐದೂ ಗುಂಡು ಬಿದ್ದ ಜಾಗದ ಅಗಲ, ಅದೂ ಕೂಡಲೇ ಚಿಕ್ಕದಾಯಿತು. ಆದರೆ ತೊಳೆದ ಸೀಸ ಬರಿಮೈಯಲ್ಲಿದ್ದರೆ ಮತ್ತೆ ಬೇಗ ಮಂಕಾಗುತ್ತದೆ. ಬ್ಯಾರೆಲ್ ಒಳಗಿನ ಗೆರೆಗಳಿಗೂ ಸೀಸ ಮೆತ್ತಿಕೊಳ್ಳುತ್ತದೆ. ಮೇಲೆ ಏನಾದರೂ ತೆಳ್ಳಗೆ ಬಳಿಯಲೇಬೇಕು.

ಎಣ್ಣೆ ಯಾಕಲ್ಲ ಅಂತ ಕೇಳಬಹುದು. ನನ್ನದು ಸ್ಪ್ರಿಂಗ್ ರೈಫಲ್, ಬ್ಯಾರೆಲ್ ಬಗ್ಗಿಸಿ ಲೋಡ್ ಮಾಡುವಂಥದ್ದು. ಟ್ರಿಗರ್ ಒತ್ತಿದಾಗ ಪಿಸ್ಟನ್ ಮುಂದೆ ನುಗ್ಗಿ ಗಾಳಿಯನ್ನು ಕಣ್ಣು ಮಿಟುಕಿಸುವುದರೊಳಗೆ ಹಿಂಡುತ್ತದೆ. ಹಾಗೆ ಹಿಂಡಿದ ಗಾಳಿ ಭಾರಿ ಕಾಯುತ್ತದೆ. ಅಲ್ಲಿ ಎಣ್ಣೆ ಜಾಸ್ತಿ ಇದ್ದರೆ ಹೊತ್ತಿಕೊಳ್ಳುತ್ತದೆ. ಡೀಸೆಲ್ ಇಂಜಿನ್‌ನಲ್ಲಿ ನಡೆಯುವುದೂ ಇದೇ. ಡಬ್ ಅಂತ ಸದ್ದು, ನಳಿಕೆಯಿಂದ ಹೊಗೆ, ಸೀಲು ಹಾಳು, ಕೊನೆಗೆ ಸ್ಪ್ರಿಂಗೂ ಹಾಳು. ಮನೆಯಲ್ಲಿದೆ ಅಂತ ಕೊಬ್ಬರಿ ಎಣ್ಣೆ, ಹೊಲಿಗೆ ಮೆಷಿನ್ ಎಣ್ಣೆ ಸವರುವವರನ್ನು ನೋಡಿದ್ದೇನೆ. ಸದ್ದು ಜೋರಾಯಿತು, ಪವರ್ ಬಂತು ಅಂತ ಖುಷಿಪಡುತ್ತಾರೆ. ಬಂದಿದ್ದು ರಿಪೇರಿ ಖರ್ಚು. ಹಾಗಾಗಿ ಒಣ ಪೌಡರ್.

ಅಮೆರಿಕದಲ್ಲಿ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳುವವರು ಬೇರೆ ಬೇರೆ ಸಿಡಿಮದ್ದು ಹಾಕಿ ನೋಡುವುದನ್ನು ಓದಿರುತ್ತೀರಿ. ಅದಕ್ಕೂ ಪೌಡರ್ ಅಂತಲೇ ಹೆಸರು. ಇಲ್ಲಿ ಆ ಸಾಹಸಕ್ಕೆ ಹೋಗಬೇಡಿ. ಲೈಸೆನ್ಸ್ ಇಲ್ಲದೆ ಅದು ಅಪರಾಧ, ಕೈ ಕಣ್ಣಿಗೂ ಅಪಾಯ. ನಾನು ಮಾತಾಡುತ್ತಿರುವುದು ಗುಂಡಿನ ಹೊರಮೈಗೆ ಹಚ್ಚುವ, ಜಾರುವುದಕ್ಕೆ ಮಾತ್ರ ಬೇಕಾದ ಪುಡಿಯ ಬಗ್ಗೆ.

ಈಗ ನನ್ನ ತಲೆ ತಿಂದ ವಿಷಯಕ್ಕೆ ಬರುತ್ತೇನೆ. ಯಾವ ಪೌಡರ್ ಒಳ್ಳೆಯದು ಅಂತ ನೋಡುವುದು ಸುಲಭ ಅಂದುಕೊಂಡಿರುತ್ತೀರಿ. ಇದನ್ನು ಹಾಕಿ ಐದು ಹೊಡಿ, ಅದನ್ನು ಹಾಕಿ ಐದು ಹೊಡಿ, ಪೇಪರ್ ಅಳೆ. ಹಾಗೆ ಮಾಡಿದರೆ ಸಿಗುವ ಉತ್ತರ ಪೂರ್ತಿ ಸುಳ್ಳು. ಯಾಕೆಂದರೆ ಎರಡನೇ ಪೌಡರ್ ಹಚ್ಚಿದ ಗುಂಡು ಹೋಗುವ ಬ್ಯಾರೆಲ್‌ನಲ್ಲಿ ಇನ್ನೂ ಮೊದಲ ಪೌಡರ್ ಕೂತಿರುತ್ತದೆ. ನೀವು ಟಾಲ್ಕಂ ನೋಡುತ್ತಿದ್ದೀರಿ ಅಂದುಕೊಂಡು ಗ್ರಾಫೈಟ್‌ಗೆ ಮಾರ್ಕ್ಸ್ ಕೊಡುತ್ತಿರುತ್ತೀರಿ.

ಸರಿ, ಬ್ಯಾರೆಲ್ ಕ್ಲೀನ್ ಮಾಡೋಣ ಅಂದರೆ ಅಲ್ಲೊಂದು ತೊಂದರೆ. ದಾರಕ್ಕೆ ಬಟ್ಟೆ ಚೂರು ಕಟ್ಟಿ ಎಳೆದು ಬ್ಯಾರೆಲ್ ಒರೆಸಿದ ಮೇಲೆ ಮೊದಲ ಗುಂಡುಗಳು ಎಲ್ಲೆಲ್ಲೋ ಹೋಗುತ್ತವೆ. ಒಂದು ಮೇಲೆ, ಒಂದು ಎಡಕ್ಕೆ. ಗೆರೆಗಳ ಮೇಲೆ ಸೀಸ ಮತ್ತು ಪೌಡರ್‌ನ ತೆಳು ಪದರ ಮತ್ತೆ ಕೂರುವವರೆಗೂ ರೈಫಲ್ ನಿಮ್ಮ ಮಾತು ಕೇಳುವುದಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಗುಂಡುಗಳು ಒಂದೇ ಕಡೆ ಸೇರತೊಡಗುತ್ತವೆ. ಎಷ್ಟು ಗುಂಡಿಗೆ ಸೇರುತ್ತವೆ ಅನ್ನುವುದು ರೈಫಲ್ಲಿಂದ ರೈಫಲ್ಲಿಗೆ ಬೇರೆ, ಪೌಡರ್‌ನಿಂದ ಪೌಡರ್‌ಗೂ ಬೇರೆ. ಅಲ್ಲಿಯವರೆಗೆ ಹೊಡೆದದ್ದೆಲ್ಲ ಲೆಕ್ಕಕ್ಕಿಲ್ಲ. ಅಂದರೆ ಒಂದೊಂದು ಪೌಡರ್ ನೋಡುವಾಗಲೂ ಡಬ್ಬಿಯ ದೊಡ್ಡ ಪಾಲು ಸುಮ್ನೆ ಟಾರ್ಗೆಟ್ ಹಿಂದಿನ ಗೋಣಿಚೀಲಕ್ಕೆ ಹೋಗುತ್ತದೆ. ಒಳ್ಳೆ ಇಂಪೋರ್ಟೆಡ್ ಮ್ಯಾಚ್ ಪೆಲೆಟ್‌ನಲ್ಲಿ ಈ ಆಟ ಆಡಿದರೆ ಮನೆಯಲ್ಲಿ ಲೆಕ್ಕ ಕೊಡುವುದು ಕಷ್ಟ. ನನ್ನ ಹತ್ತಿರ ಹೇಗೂ ಮೂಲೆಗೆ ಬಿದ್ದ ಲೋಕಲ್ ಮಾಲಿತ್ತು, ಅದಕ್ಕೆ ಕೈ ಹಾಕಿದೆ.

ಹೊತ್ತಿನ ಕಾಟ ಬೇರೆ. ನಮ್ಮ ಹಿತ್ತಲಿನ ಶೀಟಿನ ಮನೆಯಲ್ಲಿ ಮಧ್ಯಾಹ್ನ ಕೂತರೆ ರೈಫಲ್ಲೂ ಕಾಯುತ್ತದೆ, ನಾನೂ ಕಾಯುತ್ತೇನೆ. ಸ್ಪ್ರಿಂಗಿಗೆ ಹಚ್ಚಿದ ಗ್ರೀಸ್ ಬಿಸಿಗೆ ತೆಳ್ಳಗಾಗಿ ಗುಂಡಿನ ವೇಗ ಬದಲಾಗುತ್ತದೆ. ಕೊನೆಗೆ ಸಂಜೆ, ಅದೂ ಸುಸ್ತಿಲ್ಲದ ದಿನ ಮಾತ್ರ ಹೊಡೆಯುವುದು ಅಂತ ಮಾಡಿಕೊಂಡೆ. ಪಕ್ಕದ ಮನೆ ಯಜಮಾನರು ಕಾಂಪೌಂಡ್ ಮೇಲಿಂದ ಇಣುಕಿ, "ಏನ್ ಸಾ, ಗುಂಡ್ಗೆ ಪೌಡ್ರು ಹಾಕ್ತಿದ್ದೀರಲ್ಲ, ಮದ್ವೆಗ್ ಹೊಂಟೈತಾ ಅದು?" ಅಂದರು. ಟಾಲ್ಕಂ ದಿನದ ಮಾತು ಅದು.

ಟಾಲ್ಕಂಗೆ ಬಂದೆವಲ್ಲ, ಅದನ್ನೇ ಮುಗಿಸಿಬಿಡೋಣ. ಮನೆಯಲ್ಲಿದ್ದ ಗಂಧದ ವಾಸನೆಯ ಪೌಡರ್. ಖರ್ಚಿಲ್ಲ. ಟಾಲ್ಕ್ ಅನ್ನುವುದು ಮೋಸ್ ಗಡಸುತನದ ಅಳತೆಯಲ್ಲಿ 1, ಅಂದರೆ ಖನಿಜಗಳಲ್ಲೇ ಅತಿ ಮೆತ್ತಗಿನದು. ಬ್ಯಾರೆಲ್‌ಗೆ ಗೀರು ಬೀಳುವ ಭಯ ಇಲ್ಲ. ಲೋಡ್ ಮಾಡುವಾಗ ಬೆರಳಿಗೆ ಹಾಯ್ ಅನಿಸುತ್ತದೆ. ಆದರೆ ಪೆಲೆಟ್ ಆಕಾರ ಗೊತ್ತಲ್ಲ, ಡಮರುಗದ ಹಾಗೆ ನಡು ಸಣ್ಣ, ಹಿಂದಿನ ಅರ್ಧ ಟೊಳ್ಳು. ಆ ಟೊಳ್ಳಿನ ಅಂಚಿಗೆ ಸ್ಕರ್ಟ್ ಅನ್ನುತ್ತಾರೆ. ಗಾಳಿ ಅದರೊಳಗೆ ನುಗ್ಗಿ ಅಂಚನ್ನು ಹಿಗ್ಗಿಸಿ ಬ್ಯಾರೆಲ್‌ಗೆ ಅಂಟಿಸಬೇಕು. ಟಾಲ್ಕಂ ಹೋಗಿ ಕೂರುವುದು ಸರಿಯಾಗಿ ಅಲ್ಲೇ. ಕಾಲುವೆಗೆ ನೀರು ಬಿಟ್ಟ ಮೇಲೆ ನಮ್ಮ ಕಡೆ ಗಾಳಿಯಲ್ಲಿ ತೇವ ಜಾಸ್ತಿ. ಪೌಡರ್ ಟೊಳ್ಳಿನೊಳಗೆ ಉಂಡೆ ಕಟ್ಟಿ, ಕೊಡವಿದರೂ ಬರುವುದಿಲ್ಲ. ಚಿನ್ನ ತೂಗುವ ಸಣ್ಣ ತಕ್ಕಡಿಯಲ್ಲಿಟ್ಟು ನೋಡಿದೆ. ಅರ್ಧ ಗ್ರಾಂ ಆಸುಪಾಸಿನ ಗುಂಡು. ಅದರಲ್ಲಿ ಒಂದಕ್ಕೆ ಉಂಡೆ ಇದೆ, ಇನ್ನೊಂದಕ್ಕೆ ಇಲ್ಲ ಅಂದರೆ ಎರಡೂ ಒಂದೇ ಜಾಗಕ್ಕೆ ಹೋಗೋದು ಹೇಗೆ? ಹೋಗಲಿಲ್ಲ. ಮೇಲಾಗಿ ಹೊಡೆದಾಗಲೆಲ್ಲ ಬಿಳಿ ಧೂಳು ಹಾರಿ ಬ್ಯಾರೆಲ್ ಬುಡದ ರಬ್ಬರ್ ಸೀಲಿನ ಸುತ್ತ ಸೇರುತ್ತದೆ. ವಾಸನೆ ಮಾತ್ರ ಚೆನ್ನಾಗಿತ್ತು.

ಕೇರಂ ಪೌಡರ್ ಹಾಕಿ ನೋಡು ಅಂದವನು ನನ್ನ ತಮ್ಮ. ಕಾಯಿನ್ ಜಾರುತ್ತೆ ಅಂದ ಮೇಲೆ ಗುಂಡೂ ಜಾರಬೇಕಲ್ವಾ ಅಂತ ಅವನ ವಾದ. ವಾದ ತಪ್ಪೇನಲ್ಲ. ಕೇರಂ ಪೌಡರ್ ಹಲವು ಕಡೆ ಬೋರಿಕ್ ಆಸಿಡ್. ಅದರ ಹರಳು ಪದರ ಪದರವಾಗಿರುವುದರಿಂದ ನಿಜಕ್ಕೂ ಒಳ್ಳೆ ಒಣ ಜಾರುಪುಡಿ. ಆದರೆ ಕೆಲವು ಪೊಟ್ಟಣಗಳಲ್ಲಿ ಇರುವುದು ಪಿಷ್ಟ. ಪಿಷ್ಟ ಉರಿಯುವ ವಸ್ತು, ಕಾದ ಗಾಳಿಯ ಹತ್ತಿರ ಅದನ್ನು ಬಿಡಲು ನನಗಿಷ್ಟವಿಲ್ಲ. ಪೊಟ್ಟಣದ ಮೇಲೆ ಒಳಗೇನಿದೆ ಅಂತ ಸರಿಯಾಗಿ ಬರೆದಿರುವುದೂ ಇಲ್ಲ. ಬೋರಿಕ್ ಅಂತ ಖಾತ್ರಿಯಾದದ್ದನ್ನೇ ಹುಡುಕಿ ತಂದೆ. ಗುಂಡಿಗೆ ಹಿಡಿಯುವುದೇ ಇಲ್ಲ. ಉಜ್ಜಿದರೆ ಉದುರುತ್ತದೆ. ತೇವದಲ್ಲಿ ಉಕ್ಕಿನ ಬ್ಯಾರೆಲ್ ಒಳಗೆ ಆಸಿಡ್ ಪುಡಿ, ಅದೆಷ್ಟೇ ಮೆದುವಾಗಿರಲಿ, ಯಾಕೆ ಬೇಕು? ಬಿಟ್ಟೆ.

ಮೋಲಿ ಅಂದರೆ ಮಾಲಿಬ್ಡಿನಂ ಡೈಸಲ್ಫೈಡ್. ನಾಲ್ಕರಲ್ಲಿ ನಿಜವಾದ ಪೈಪೋಟಿ ಕೊಟ್ಟಿದ್ದು ಇದೊಂದೇ. 1990ರ ದಶಕದಲ್ಲಿ ಅಮೆರಿಕದ ರೈಫಲ್ ಶೂಟರ್‌ಗಳಲ್ಲಿ ಬುಲೆಟ್‌ಗೆ ಮೋಲಿ ಹಚ್ಚುವ ಹುಚ್ಚು ಜೋರಾಗಿತ್ತು. ಗುಂಡಿನ ಮೈಗೆ ಇದು ಹಿಡಿಯುವಷ್ಟು ಚೆನ್ನಾಗಿ ಬೇರೆ ಯಾವುದೂ ಹಿಡಿಯಲಿಲ್ಲ. ತೆಳ್ಳಗೆ, ಒಂದೇ ಸಮ, ಬೂದುಗಪ್ಪು. ಗ್ರೂಪ್ ಗ್ರಾಫೈಟ್‌ಗೆ ಸಮ. ಒಂದೆರಡು ಸಂಜೆ ಅದಕ್ಕಿಂತ ಒಂಚೂರು ಚಿಕ್ಕದೇ.

ಹಾಗಿದ್ದರೆ ಯಾಕೆ ಬೇಡ? ಒಂದು, ಅದು ಬ್ಯಾರೆಲ್ ಬಿಟ್ಟು ಹೋಗುವುದಿಲ್ಲ. ಇದನ್ನು ಮೊದಲೇ ಓದಿದ್ದರಿಂದ ಮೋಲಿಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಎಷ್ಟು ಬಟ್ಟೆ ಎಳೆದರೂ ಬಟ್ಟೆ ಕಪ್ಪಾಗಿಯೇ ಬರುತ್ತದೆ. ಎರಡು, ಮೋಲಿಗೆ ಒಣ ಹವೆ ಇಷ್ಟ. ತೇವದಲ್ಲಿ ಅದರ ಜಾರುವ ಗುಣ ಕಡಿಮೆಯಾಗುತ್ತದೆ. ಅದರಲ್ಲಿರುವ ಗಂಧಕ ನಿಧಾನಕ್ಕೆ ಆಸಿಡ್ ಆಗಿ ಉಕ್ಕು ತಿನ್ನಬಹುದು ಅನ್ನುವ ಭಯವೂ ಇದೆ. ದಿನಾ ಹೊಡೆದು ದಿನಾ ಒರೆಸುವವರಿಗೆ ಇದು ಸಮಸ್ಯೆಯಲ್ಲ. ನಾನು ಭತ್ತದ ನಾಟಿ, ಮದುವೆ, ಜಾತ್ರೆ ಅಂತ ತಿಂಗಳುಗಟ್ಟಲೆ ರೈಫಲ್ ಮುಟ್ಟದೆ ಇಡುವವನು. ಮೂರು, ಬೆಲೆ. ಆನ್‌ಲೈನ್‌ನಲ್ಲೇ ತರಿಸಬೇಕು, ಗ್ರಾಫೈಟ್‌ಗಿಂತ ದುಬಾರಿ.

ಗ್ರಾಫೈಟ್ ಸಿಕ್ಕಿದ್ದು ಮೈಸೂರಿನ ಸಂತೇಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ. ಬೀಗಕ್ಕೆ ಹಾಕುವ ಪೌಡರ್ ಅಂತ ಕೇಳಿದರೆ ಕೊಡುತ್ತಾರೆ. ನುಣ್ಣಗಿರಬೇಕು, ಬೆರಳಲ್ಲಿ ತಿಕ್ಕಿದರೆ ತರಿ ಸಿಗಬಾರದು. ಮೋಲಿಗೆ ಉಲ್ಟಾ, ಗ್ರಾಫೈಟ್ ಜಾರಬೇಕಾದರೆ ಗಾಳಿಯಲ್ಲಿ ಸ್ವಲ್ಪ ತೇವ ಇರಬೇಕು. ಪೂರ್ತಿ ಒಣಗಿದ ಜಾಗದಲ್ಲಿ, ಗಾಳಿಯೇ ಇಲ್ಲದ ಕಡೆ ಅದು ಕೈಕೊಡುತ್ತದೆ. ಕಾವೇರಿ ಬಯಲಿನಲ್ಲಿ ಕೂತವನಿಗೆ ಇನ್ನೇನು ಬೇಕು?

ಹಚ್ಚುವುದರಲ್ಲೇ ಎಲ್ಲ ಇರುವುದು. 500 ಪೆಲೆಟ್‌ಗೆ ಚಮಚದ ಹಿಡಿಯ ತುದಿಯಲ್ಲಿ ನಿಲ್ಲುವಷ್ಟು ಪುಡಿ ಸಾಕು, ಚಿಟಿಕೆಯೂ ಜಾಸ್ತಿ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮೆಲ್ಲಗೆ ಉರುಳಿಸಬೇಕು. ಕುಲುಕಿದರೆ ಸ್ಕರ್ಟ್ ಅಂಚು ಬಗ್ಗುತ್ತದೆ, ಅದರ ಮುಂದೆ ಯಾವ ಪೌಡರ್ ಆಟವೂ ನಡೆಯುವುದಿಲ್ಲ. ಆಮೇಲೆ ಟೀ ಸೋಸುವ ಜರಡಿಯಲ್ಲಿ ಆಡಿಸಿ ಮಿಕ್ಕ ಪುಡಿ ಉದುರಿಸಿ, ಹಳೆ ಪಂಚೆ ತುಂಡಿನಲ್ಲಿ ಹೊರಳಿಸಬೇಕು. ಆ ಜರಡಿ ಮತ್ತೆ ಅಡುಗೆಮನೆಗೆ ಹೋಗಬಾರದು. ಸೀಸ ಮುಟ್ಟಿದ್ದು ಅದು. ಕೈಯೂ ಅಷ್ಟೇ, ಸೋಪು ಹಾಕಿ ತೊಳೆಯದೆ ತಿಂಡಿ ಮುಟ್ಟಬೇಡಿ. ಪೆಲೆಟ್ ಬಾಯಲ್ಲಿ ಕಚ್ಚಿಕೊಂಡು ಲೋಡ್ ಮಾಡುವ ಹುಡುಗರನ್ನು ಕಂಡರೆ ಗದರಿಸಿ.

ಕೊರತೆ ಇಲ್ಲ ಅಂತಲ್ಲ. ಮಸಿ. ಬೆರಳು, ಟ್ರಿಗರ್, ಸ್ಕೋರ್ ಬರೆಯುವ ಪುಸ್ತಕ, ಬಿಳಿ ಅಂಗಿಯ ತೋಳು, ಕೊನೆಗೆ ಬಾತ್‌ರೂಮ್ ಸ್ವಿಚ್ಚು. "ರೀ, ಗೋಡೆಗೆಲ್ಲ ಇದೇನ್ರೀ ಮಸಿ?" ಅನ್ನುವ ಪ್ರಶ್ನೆಗೆ ಉತ್ತರ ತಯಾರಿರಲಿ.

ಗ್ರೂಪ್ ಎಷ್ಟಾಯಿತು? ರೂಪಾಯಿ ನಾಣ್ಯದ ಅರ್ಧ ಜಾಗದೊಳಗೆ ಐದೂ ಕೂರುತ್ತಿವೆ. ಇದರಲ್ಲಿ ಹೆಚ್ಚಿನ ಪಾಲು ತೊಳೆದದ್ದರಿಂದ, ಬಗ್ಗಿದ ಸ್ಕರ್ಟಿನವನ್ನು ಆರಿಸಿ ಎಸೆದದ್ದರಿಂದ ಬಂತು. ಗ್ರಾಫೈಟ್ ಕೊಟ್ಟಿದ್ದು ಉಳಿದ ಸ್ವಲ್ಪ. ಜೊತೆಗೆ ಒಂದೇ ಸಮನಾದ ಲೋಡಿಂಗ್, ಮತ್ತು ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಟ್ಟರೆ ಮಳೆಗಾಲದಲ್ಲೂ ಬೆಳ್ಳಗಾಗದ ಸೀಸ. ಬರೀ ಪೌಡರ್‌ನಿಂದ ಗುರಿ ಸುಧಾರಿಸುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಮ್ಯಾಚ್ ಆಡುವವರಿಗೆ ಈ ಬರಹ ಬೇಡ. 10 ಮೀಟರ್ ರೈಫಲ್ ಟಾರ್ಗೆಟ್‌ನಲ್ಲಿ ನಡುವಿನ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಅಲ್ಲಿ ನಿಂತು ಲೋಕಲ್ ಗುಂಡಿಗೆ ಮಸಿ ಬಳಿಯುವುದು ದುಡ್ಡು ಉಳಿಸುವ ದಾರಿಯಲ್ಲ. 4.49, 4.50 ಮಿಲಿಮೀಟರ್ ಅಂತ ಪೆಲೆಟ್ ತಲೆಯ ಅಳತೆ ನೋಡಿ ಮ್ಯಾಚ್ ಪೆಲೆಟ್ ತಗೊಳ್ಳಿ, ಡಬ್ಬಿಯಿಂದ ತೆಗೆದಂತೆಯೇ ಹೊಡೆಯಿರಿ. ನನ್ನ ಹಾಗೆ ಹಿತ್ತಲಲ್ಲಿ, ಕಣ್ಣಿಗೆ ಕನ್ನಡಕ ಹಾಕಿ, ಗೋಣಿಚೀಲದ ಹಿಂದೆ ಗಟ್ಟಿ ಗೋಡೆ ಇಟ್ಟುಕೊಂಡು ಸಂಜೆ ಹೊತ್ತು ಹೊಡೆಯುವವರಿಗೆ, ಕಡಿಮೆ ಬೆಲೆಯ ಡಬ್ಬಿಯನ್ನೇ ನೆಚ್ಚಿಕೊಂಡವರಿಗೆ ಗ್ರಾಫೈಟ್ ಸಾಕು. ನಿಮ್ಮದು ಸ್ಪ್ರಿಂಗ್ ಬದಲು ಸಿಲಿಂಡರ್‌ನಲ್ಲಿ ಮೊದಲೇ ತುಂಬಿಟ್ಟ ಗಾಳಿಯಿಂದ ಹೊಡೆಯುವ ಪಿಸಿಪಿ ರೈಫಲ್ ಆಗಿದ್ದು, ಹೊಡೆದ ದಿನವೇ ಬ್ಯಾರೆಲ್ ಒರೆಸುವ ಶಿಸ್ತೂ ಇದ್ದರೆ ಮೋಲಿ ತಗೊಳ್ಳಿ. ಆದರೆ ಅದನ್ನು ಹಚ್ಚುವ ಮೊದಲು ಬೇರೆ ಏನೇನು ಪ್ರಯೋಗ ಮಾಡಬೇಕೋ ಅದನ್ನೆಲ್ಲ ಮುಗಿಸಿಕೊಳ್ಳಿ.