‘ಯಾವ ಇಪ್ಪತ್ತಾರು?’ ಅಂತ ಕೇಳುವ ಸೈಕಲ್ ಶಾಪ್

ಈ ಅಂಗಡಿಗೆ ಬೋರ್ಡ್ ಇಲ್ಲ. ಮೈಸೂರಿನ ಅಗ್ರಹಾರದ ಕಡೆ ಒಂದು ಒಳಬೀದಿ, ಹಿಟ್ಟಿನ ಗಿರಣಿ ಪಕ್ಕ. ಬಾಗಿಲಿಗೆ ಹಳೇ ಟೈರುಗಳು ನೇತಾಡುತ್ತಿದ್ದರೆ ಅದೇ. ಒಳಗೆ ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲೇ ನಿಲ್ಲಬೇಕು. ನಡೆಸುವವರನ್ನು ಎಲ್ಲರೂ ಯಜಮಾನ್ರು ಅಂತಾರೆ. ನಾನೂ ಹಾಗೇ ಕರೆದುಬಿಟ್ಟೆ, ಹೆಸರು ಇನ್ನೂ ಕೇಳಿಲ್ಲ.

ನನ್ನದು ಹಿಂದಿನ ಚಕ್ರಕ್ಕೆ ಏಳು ಗೇರಿರುವ, ಹನ್ನೊಂದು ವರ್ಷ ಹಳೇ ಸೈಕಲ್. ವಾರವಿಡೀ ಆಫೀಸಿಗೆ, ಭಾನುವಾರ ಚಾಮುಂಡಿ ಬೆಟ್ಟಕ್ಕೆ. ಬೆಟ್ಟ ಅಂದರೆ ಪೂರ್ತಿ ಹತ್ತುತ್ತೇನೆ ಅಂದುಕೊಳ್ಳಬೇಡಿ. ನಂದಿ ಕಡೆ ತಿರುಗುವಲ್ಲಿ ನೀರು ಕುಡಿಯುವ ನೆಪ ಹೇಳಿ ಇಳಿಯುವವನು ನಾನು. ಎರಡು ತಿಂಗಳ ಹಿಂದೆ ಏರಿನಲ್ಲಿ ಚೈನ್ ಜಾರಲು ಶುರುವಾಯಿತು. ಬೇರೆ ಒಂದು ಅಂಗಡಿಯಲ್ಲಿ ಹೊಸ ಚೈನ್ ಹಾಕಿಸಿದೆ. ಜಾರುವುದು ಇನ್ನೂ ಜಾಸ್ತಿಯಾಯಿತು! ಮತ್ತೆ ಹೋದರೆ ಗೇರ್ ಸೆಟ್ಟೇ ಬದಲಾಯಿಸಬೇಕು, 4,800 ರೂಪಾಯಿ ಅಂದರು. ನಾನು ಜಾಣತನ ಮಾಡಲು ಹೋಗಿ ಆನ್‌ಲೈನ್‌ನಲ್ಲಿ ಎಂಟು ಗೇರಿನ ಕ್ಯಾಸೆಟ್, ಅಂದರೆ ಹಿಂದಿನ ಚಕ್ರಕ್ಕೆ ಹಾಕುವ ಹಲ್ಲಿನ ಚಕ್ರಗಳ ಸೆಟ್, ತರಿಸಿದೆ. ಅದನ್ನು ಹಿಡಿದುಕೊಂಡು ಯಜಮಾನ್ರ ಮುಂದೆ ನಿಂತೆ.

ಅವರು ಕ್ಯಾಸೆಟ್ ಕಡೆ ನೋಡಲೂ ಇಲ್ಲ. ಹಿಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು ಪೆಡಲ್ ತಿರುಗಿಸಿದರು. “ಸಾರ್, ಇದು ಫ್ರೀವೀಲ್ ಹಬ್ಬು. ನೀವು ತಂದಿರೋದು ಇದಕ್ಕೆ ಕೂರಲ್ಲ.”

ಹಬ್ಬು ಅಂದರೆ ಚಕ್ರದ ನಟ್ಟನಡುವಿನ ಭಾಗ. ಹೊರಗಿನಿಂದ ನೋಡಿದರೆ ಫ್ರೀವೀಲ್, ಕ್ಯಾಸೆಟ್ ಎರಡೂ ಅವಳಿ ಮಕ್ಕಳ ಹಾಗೇ ಇವೆ. ಆದರೆ ಫ್ರೀವೀಲ್‌ಗೆ ಒಳಗೆ ಮರೆ (ಸ್ಕ್ರೂ ಥ್ರೆಡ್) ಇರುತ್ತದೆ, ಬಾಟಲಿ ಮುಚ್ಚಳದ ಹಾಗೆ ಹಬ್ಬಿಗೆ ತಿರುಗಿಸಿ ಕೂರಿಸಬೇಕು. ತುಳಿಯುವುದು ನಿಲ್ಲಿಸಿದಾಗ ಟಕಟಕ ಅನ್ನುವ ಯಂತ್ರವೂ ಅದರೊಳಗೇ. ಕ್ಯಾಸೆಟ್ ಅಂದರೆ ಬರೀ ಹಲ್ಲಿನ ಚಕ್ರಗಳ ಕಂತೆ. ಅದು ಗೀರುಗಳಿರುವ ಬೇರೆ ಥರದ ಹಬ್ಬಿನ ಮೇಲೆ ಜಾರಿಕೊಂಡು ಕೂರುತ್ತದೆ, ಟಕಟಕ ಹಬ್ಬಿನಲ್ಲಿರುತ್ತದೆ. ಹನ್ನೊಂದು ವರ್ಷ ತುಳಿದಿದ್ದೇನೆ, ಇಷ್ಟೂ ಗೊತ್ತಿರಲಿಲ್ಲ.

ಹಳೇ ಚೈನ್ ಇದೆಯಾ ಅಂದರು. ಪುಣ್ಯಕ್ಕೆ ಬಿಸಾಡಿರಲಿಲ್ಲ, ಮನೆಗೆ ಹೋಗಿ ತಂದೆ. ಗೋಡೆಯ ಮೊಳೆಗೆ ನೇತುಹಾಕಿ ಸ್ಟೀಲ್ ಸ್ಕೇಲ್ ಹಿಡಿದರು. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ ಅಳೆದರೆ ಸರಿಯಾಗಿ 12 ಇಂಚಿನ ಗೆರೆಯ ಮೇಲೆ ಇನ್ನೊಂದು ಪಿನ್ ಬರಬೇಕು. ಅದು ಇಂಚಿನ ಹದಿನಾರನೇ ಒಂದು ಭಾಗ ದಾಟಿದರೆ ಚೈನ್ ಬದಲಾಯಿಸಿ, ಫ್ರೀವೀಲ್ ಉಳಿಯುತ್ತದೆ. ಎಂಟನೇ ಒಂದು ಭಾಗ ದಾಟಿದರೆ ಫ್ರೀವೀಲ್ ಕೂಡ ಹೋಯಿತು ಅಂತ ಲೆಕ್ಕ. ನನ್ನದು ಅದನ್ನೂ ದಾಟಿತ್ತು. “ಎರಡೂ ಜೊತೇಲಿ ಸವೆದು ಒಂದಕ್ಕೊಂದು ಒಗ್ಗಿಕೊಂಡಿದ್ವು ಸಾರ್. ಹೊಸ ಚೈನಿಗೆ ಹಳೇ ಹಲ್ಲು ಸಿಗ್ತಿಲ್ಲ, ಅದಕ್ಕೇ ಹಾರ್ತಿದೆ.” ಬೆರಳಿಟ್ಟು ತೋರಿಸಿದರು. ನಾನು ದಿನಾ ಓಡಿಸುವ ನಡುವಿನ ಎರಡು ಚಕ್ರಗಳ ಹಲ್ಲು ಗರಗಸದ ಹಾಗೆ ಒಂದು ಕಡೆಗೆ ವಾಲಿದ್ದವು. ಉಳಿದವು ಚೆನ್ನಾಗೇ ಇದ್ದವು.

ಅಂದರೆ ಚೈನ್ ಬೇಡ, ಫ್ರೀವೀಲ್ ಸಾಕು. ಅದೂ ಏಳರದ್ದೇ. ಹ್ಯಾಂಡಲ್ ಮೇಲಿನ ಗೇರ್ ಲಿವರ್ ಏಳು ಕಡೆ ಮಾತ್ರ ನಿಲ್ಲೋದಲ್ವಾ, ಎಂಟು ಹಾಕಿ ಏನು ಮಾಡುತ್ತೀರಿ ಅಂದರು. ಬೆಟ್ಟ ಹತ್ತಲು ಹಗುರವಾಗುವ ಹಾಗೆ 34 ಹಲ್ಲಿನ ದೊಡ್ಡ ಚಕ್ರ ಇರುವುದು ಬರುತ್ತದಂತಲ್ಲ ಅಂತ ಆಸೆಪಟ್ಟು ಕೇಳಿದೆ. ನನ್ನ ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗ) 28ಕ್ಕಿಂತ ದೊಡ್ಡದನ್ನು ತಾಳುವುದಿಲ್ಲವಂತೆ. ಹಾಗಾಗಿ 14ರಿಂದ 28 ಹಲ್ಲಿನದು. ಮಾರಬೇಕು ಅಂದಿದ್ದರೆ ಅಲ್ಲೇ ಡಿರೇಲರ್ ಕೂಡ ಮಾರಬಹುದಿತ್ತು.

ಹಳೇ ಫ್ರೀವೀಲ್ ಬಿಚ್ಚಿದ್ದು ನೋಡುವ ಹಾಗಿತ್ತು. ಹನ್ನೊಂದು ವರ್ಷ ನಾನು ತುಳಿದ ಪ್ರತಿ ತುಳಿತವೂ ಅದನ್ನು ಬಿಗಿ ಮಾಡುತ್ತಲೇ ಬಂದಿತ್ತು. ಅವರು ಬಿಚ್ಚುವ ಟೂಲನ್ನು ವೈಸ್‌ನಲ್ಲಿ ಕಚ್ಚಿಸಿ, ಅದರ ಮೇಲೆ ಚಕ್ರವನ್ನೇ ಮಲಗಿಸಿದರು. ಸಿಟಿ ಬಸ್ಸಿನ ಸ್ಟೇರಿಂಗ್ ಹಿಡಿದ ಹಾಗೆ ರಿಮ್ ಹಿಡಿದು ಎಡಕ್ಕೆ ಒಂದು ಜಗ್ಗು. ಬರಲಿಲ್ಲ. ಒಂದು ಹನಿ ಎಣ್ಣೆ, ಒಂದು ಟೀ, ಇನ್ನೊಂದು ಜಗ್ಗು. ಟಪ್! ಹೊಸದನ್ನು ಕೂರಿಸುವ ಮುಂಚೆ ಮರೆಗೆ ಗ್ರೀಸ್ ಬಳಿದರು, ಮುಂದಿನ ಸಲ ಬಿಚ್ಚುವವನು ಬೈಯಬಾರದು ಅಂತ.

ಅಷ್ಟರಲ್ಲಿ ಒಬ್ಬ ಹುಡುಗ ಬಂದು “ಇಪ್ಪತ್ತಾರರ ಟೈರ್ ಬೇಕಂತೆ” ಅಂದ. “ಯಾವ ಇಪ್ಪತ್ತಾರು?” ಹುಡುಗ ಕಣ್ಣು ಬಿಟ್ಟ. 26 ಇಂಟು 1.95 ಅಂತ ಪಾಯಿಂಟ್‌ನಲ್ಲಿ ಬರೆದಿದ್ದರೆ ಒಂದು ಅಳತೆ, 26 ಇಂಟು 1⅜ ಅಂತ ಭಿನ್ನರಾಶಿಯಲ್ಲಿದ್ದರೆ ಬೇರೆಯೇ ಅಳತೆ. ಮೊದಲನೆಯದು ಕೂರುವ ರಿಮ್‌ನ ಅಡ್ಡಳತೆ 559 ಮಿಲಿಮೀಟರ್, ಎರಡನೆಯದು 590. ಹೆಸರು ಒಂದೇ, ಮೂರು ಸೆಂಟಿಮೀಟರ್ ವ್ಯತ್ಯಾಸ. ಟೈರಿನ ಪಕ್ಕದಲ್ಲಿ ಸಣ್ಣಗೆ ಬರೆದಿರುವ ಆ ಮೂರಂಕಿ ನೋಡಿಕೊಂಡು ಬಾ ಅಂತ ಕಳಿಸಿದರು. ಹುಡುಗ ಗೊಣಗುತ್ತಾ ಹೋದ.

ನನಗೆ ಆಗಿದ್ದು ಫ್ರೀವೀಲ್‌ಗೆ 650, ಕೂಲಿ 150. ಮುಂದಿನ ಭಾನುವಾರ ಏರಿನಲ್ಲಿ ಚೈನ್ ಜಾರಲಿಲ್ಲ. ಆದರೂ ನಂದಿ ತಿರುವಿನಲ್ಲಿ ಇಳಿದೆ, ಅದು ಫ್ರೀವೀಲ್ ತಪ್ಪಲ್ಲ.

ಬೇಜಾರಿನ ಸಂಗತಿಗಳೂ ಇವೆ. ಬಿಲ್ ಕೊಡುವುದಿಲ್ಲ. ಫೋನ್ ಎತ್ತುವುದಿಲ್ಲ. ‘ಸಾಯಂಕಾಲ ಬನ್ನಿ’ ಅಂದರೆ ಯಾವ ದಿನದ ಸಾಯಂಕಾಲ ಅಂತ ಕೇಳಿಕೊಳ್ಳಿ. ನನ್ನ ಸೈಕಲ್ಲು ಸುಮ್ನೆ ಎರಡು ದಿನ ಗೋಡೆಗೆ ಒರಗಿಕೊಂಡಿತ್ತು. ಹಿಂದಿನ ಬ್ರೇಕ್ ರಬ್ಬರ್ ರಿಮ್‌ಗೆ ತಾಗುತ್ತಿದ್ದದ್ದನ್ನು ಮನೆಗೆ ಬಂದು ನಾನೇ ಸರಿಮಾಡಿಕೊಂಡೆ. ಆಯಿಲ್ ತುಂಬುವ ಡಿಸ್ಕ್ ಬ್ರೇಕ್ ಇದ್ದರೆ ಹೋಗಲೇಬೇಡಿ, ‘ನಮ್ಮ ಕೈಲಿ ಆಗಲ್ಲ’ ಅಂತ ನೇರವಾಗಿ ಹೇಳಿಬಿಡುತ್ತಾರೆ.

ನಾನು ತರಿಸಿದ ಕ್ಯಾಸೆಟ್ ವಾಪಸ್ ತೆಗೆದುಕೊಳ್ಳಲಿಲ್ಲ, ದಿನ ಮೀರಿತ್ತು. ಈಗ ಅದು ಯಜಮಾನ್ರ ಅಂಗಡಿಯ ಮೊಳೆಯಲ್ಲಿ ನೇತಾಡುತ್ತಿದೆ. ಎಂಟು ಗೇರಿನ, ಕ್ಯಾಸೆಟ್ ಹಬ್ಬಿನ ಸೈಕಲ್ ಇರುವವರು ಅರ್ಧ ಬೆಲೆಗೆ ಒಯ್ಯಬಹುದು. ಸೈಕಲ್ ಜೊತೆಗೇ ಹೋಗಿ, ಇಲ್ಲದಿದ್ದರೆ ತೋರಿಸುವುದೂ ಇಲ್ಲ.